ಬ್ಯಾರನ್ ಬೋರಣ್ಣನ ಎ ಡಿವಿಜನ್

ಬೋರಣ್ಣ ಯಾರನ್ನು ಮಾತನಾಡಿಸಬೇಕಾದರೂ ಮೊದಲು ಅವರ ಕತ್ತಿನ ಹಿಂದೆ ಅಂಗೈ ಇಡುತ್ತಿದ್ದರು. ಯೋಗಕ್ಷೇಮ ಆಮೇಲೆ. ಒಲೆಯ ಮೇಲಿಂದ ಈಗಷ್ಟೇ ಇಳಿಸಿದ ಹಂಚಿನಂತೆ ಬಿಸಿಯಾಗಿ, ದೊರಗಾಗಿ ಇದ್ದ ಅಂಗೈ ಅದು. ಅದನ್ನು ಕತ್ತಿಗಿಟ್ಟು, ಕಣ್ಣು ಅರ್ಧ ಮುಚ್ಚಿ, ಒಳಗೇನೋ ಕೇಳಿಸುತ್ತಿದೆಯೇನೋ ಅನ್ನುವ ಹಾಗೆ ನಿಂತು, "ಇನ್ನೂವೆ ಕಾದಿಲ್ಲ ಕಣ್ಲಾ ನೀನು" ಅನ್ನುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಗೋಡೆ ಮುಟ್ಟಿ ಮುಟ್ಟಿ, ಒಳಗೆ ಎಷ್ಟು ಶಾಖ ಇದೆ ಎಂದು ಹೇಳಿ ಹೇಳಿ ಅಂಟಿಕೊಂಡ ಚಾಳಿ. ಗೋಡೆಯ ವಿಷಯದಲ್ಲಿ ಅವರ ಲೆಕ್ಕ ಎಷ್ಟೋ ಸಲ ಸರಿಹೋಗುತ್ತಿತ್ತು. ಮನುಷ್ಯರ ವಿಷಯದಲ್ಲಿ ಸರಿಹೋದದ್ದನ್ನು ನಾನು ಕಂಡದ್ದು ಕಡಿಮೆ.

ಬೆಂಗಳೂರಿನ ಫುಟ್‌ಬಾಲ್ ಲೀಗಿನ ಎ ಡಿವಿಜನ್‌ನಲ್ಲಿ ಹುಣಸೂರಿನ ಟೀಮೊಂದು ಆಡಿತ್ತು ಎಂದರೆ ಇವತ್ತು ಯಾರೂ ನಂಬುವುದಿಲ್ಲ. ಆಡಿತ್ತು. ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ, ಒಂದೇ ಒಂದು ವರ್ಷ. ಆ ಟೀಮಿನ ಗೋಲ್‌ಕೀಪರ್ ನಾನು, ಕೋಚ್ ಈ ಬೋರಣ್ಣ. ನಾವು ಮೇಲೆ ಹತ್ತಿದ್ದೂ ಅವರಿಂದ, ಕೆಳಗೆ ಬಿದ್ದದ್ದೂ ಅವರಿಂದ. ಹತ್ತಿದ ಸಂತೋಷ ಯಾವಾಗಲೋ ಕರಗಿಹೋಯಿತು. ಬಿದ್ದ ಸಿಟ್ಟು ಇದೆಯಲ್ಲ, ಅದು ನನ್ನ ಜೊತೆ ಬಹಳ ವರ್ಷ ಬಾಳಿತು.

ಟೀಮು ಹುಣಸೂರಿನ ಎಲೆ ಕಂಪನಿಯದು. ರೈತರಿಂದ ಹೊಗೆಸೊಪ್ಪು ಕೊಂಡು, ವಿಂಗಡಿಸಿ, ಮೂಟೆ ಕಟ್ಟಿ ಹೊರಗೆ ಕಳಿಸುವ ಕಂಪನಿ. ಅದರಲ್ಲಿ ಕೆಲಸ ಸಿಗಬೇಕಾದರೆ ಓದಿರಬೇಕು, ಇಲ್ಲವೇ ಚೆಂಡು ಒದೆಯಬೇಕು. ನಾವು ಹಾಜರಿ ಹಾಕುತ್ತಿದ್ದದ್ದು ಗೋದಾಮಿನಲ್ಲಿ, ಸಂಬಳ ಬರುತ್ತಿದ್ದದ್ದು ಕಾಲಿಗೆ. ನನ್ನ ಮಟ್ಟಿಗೆ ಕೈಗೆ. ನಮ್ಮಲ್ಲಿ ಕೆಲವರು ಖಾಯಂ ನೌಕರರು, ಕೆಲವರು ಸೀಸನ್ ಮುಗಿದರೆ ಮನೆಗೆ ಹೋಗುವ ಕೂಲಿಯವರು. ಬೋರಣ್ಣ ಕಂಪನಿಯ ಹಳೆಯ ಆಳು. ಊರೂರು ಸುತ್ತಿ ರೈತರಿಗೆ ಸೊಪ್ಪು ಬೇಯಿಸುವುದನ್ನು ಹೇಳಿಕೊಡುವುದು ಅವರ ಕೆಲಸ. ಊರು ರಾವಂದೂರಿನ ಹತ್ತಿರ. ಹಿಂದೆ ಯಾವನೋ ಬಿಳಿ ದೊರೆ ಸಂಜೆ ಹೊತ್ತು ಬ್ಯಾರನ್ ಆಳುಗಳನ್ನು ಸೇರಿಸಿಕೊಂಡು ಚೆಂಡು ಆಡುತ್ತಿದ್ದನಂತೆ. ಅವನು ಹೋಗುವಾಗ ತನ್ನ ಸೀಟಿಯನ್ನು ಬೋರಣ್ಣನ ಕೊರಳಿಗೆ ಹಾಕಿ ಹೋದನಂತೆ. ಸೀಟಿ ಇದ್ದವನೇ ಕೋಚ್ ಎಂದು ಕಂಪನಿ ತೀರ್ಮಾನಿಸಿತು. ಕೇಳುವವರು ಯಾರಿದ್ದರು?

ಅವರು ಬೀಡಿ ಮುಟ್ಟುತ್ತಿರಲಿಲ್ಲ, ನಶ್ಯ ಏರಿಸುತ್ತಿರಲಿಲ್ಲ. "ಬೆಳ್ದೋನು ತಿನ್ನಾಕಾಗ್ದೆ ಇರೋ ಬೆಳೆ ಇದೊಂದೇಯ" ಎಂದು ಹೊಗೆಸೊಪ್ಪನ್ನೇ ಬೈಯುತ್ತಿದ್ದರು. ಆಟದ ದಿನ ನಮ್ಮ ಬಾಯಿ ಮೂಸಿ ನೋಡುವರು. ಸಿಗರೇಟಿನ ವಾಸನೆ ಬಂದರೆ ಅವತ್ತು ಅವನಿಗೆ ಹುರಿಹಿಟ್ಟು ಇಲ್ಲ. ರಾಗಿ ಹುರಿಹಿಟ್ಟಿಗೆ ಬೆಲ್ಲ, ಕಾಯಿ ಹಾಕಿ ಅವರೇ ಕಲಸಿ ತರುತ್ತಿದ್ದರು. ಬೆಂಗಳೂರಿನ ಮೈದಾನದಲ್ಲಿ ಬೇರೆ ಟೀಮಿನವರು ಕಿತ್ತಳೆ ತೊಳೆ ಚೀಪುತ್ತಾ ಕೂತಿದ್ದರೆ ನಾವು ಗೋಡೆ ಮರೆಯಲ್ಲಿ ಹಿಟ್ಟಿನ ಉಂಡೆ ನುಂಗುತ್ತಿದ್ದೆವು. ನಾಚಿಕೆಯಾಗುತ್ತಿತ್ತು, ಆದರೂ ಒಬ್ಬರೂ ಬಿಡುತ್ತಿರಲಿಲ್ಲ.

ಇನ್ನು ಅವರ ಆಟದ ಶಾಸ್ತ್ರ. ಇದು ತಿಳಿಯಬೇಕಾದರೆ ಬ್ಯಾರನ್ ಅಂದರೇನೆಂದು ತಿಳಿದಿರಬೇಕು. ಕಿಟಕಿಯಿಲ್ಲದ, ಎತ್ತರದ ಒಂದು ಕೋಣೆ. ಒಳಗೆ ಸಾಲುಸಾಲು ಕಡ್ಡಿಗಳಿಗೆ ಹಸಿ ಸೊಪ್ಪು ಕಟ್ಟಿ ತೂಗುಹಾಕಿ ಬಾಗಿಲು ಮುಚ್ಚುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಶಾಖ ದಪ್ಪ ಕೊಳವೆಗಳಲ್ಲಿ ಒಳಗೆಲ್ಲ ಸುತ್ತುತ್ತದೆ. ಮೊದಮೊದಲು ಬೆಂಕಿ ಸಣ್ಣಗಿರಬೇಕು, ಎಲೆ ನಿಧಾನವಾಗಿ ಹಣ್ಣಾಗಿ ಹಳದಿಗೆ ತಿರುಗಬೇಕು. ಆಮೇಲೆ ಒಂದೊಂದೇ ಹಂತ ಶಾಖ ಏರಿಸಬೇಕು. ಕೊನೆಗೆ ಎಲೆಯ ನಡುವಿನ ದಪ್ಪ ದಂಟು ಒಣಗುವ ತನಕ ಭರ್ಜರಿ ಬೆಂಕಿ. ದಂಟು ಒಣಗುವ ಮೊದಲು ಬೆಂಕಿ ತಗ್ಗಿಸಿದರೆ ಮೂಟೆಗೆ ಮೂಟೆಯೇ ಬೂಷ್ಟು ಹಿಡಿಯುತ್ತದೆ.

ಬೋರಣ್ಣನಿಗೆ ಫುಟ್‌ಬಾಲ್ ಕೂಡ ಇದೇ. "ಮೊದಲರ್ಧ ಅಣ್ಣಾಗಾಕೆ, ಎಲ್ಡನೇ ಅರ್ಧ ಒಣಗಾಕೆ. ಅಸಿ ಸೊಪ್ಪಿಗೆ ಜೋರಾಗಿ ಬೆಂಕಿ ಆಕುದ್ರೆ ಅಸ್ರಾಗೇ ಒಣಗೋಯ್ತದೆ. ಅಸ್ರು ಸೊಪ್ಪ ಯಾವನ್ಲಾ ಕೇಳಾನು?" ಹಾಗಾಗಿ ನಾವು ಮೊದಲರ್ಧ ಓಡುವ ಹಾಗಿಲ್ಲ. ಚೆಂಡನ್ನು ಒಬ್ಬರಿಂದ ಒಬ್ಬರಿಗೆ ಸಣ್ಣಗೆ ತಳ್ಳುತ್ತಾ, ಮದುವೆ ಮನೆಯಲ್ಲಿ ಎಲೆ ಹಾಕುವುದನ್ನು ಕಾಯುವವರ ಹಾಗೆ ಅಡ್ಡಾಡಿಕೊಂಡಿರಬೇಕು. ಅರ್ಧ ಸಮಯಕ್ಕೆ ಅವರು ಎಲ್ಲರ ಕತ್ತು ಮುಟ್ಟಿ ನೋಡಿ, "ಈಗ ಆಯ್ತು, ಆಕ್ರುಲಾ ಬೆಂಕಿಯ" ಎಂದ ಮೇಲೆ ಓಟ. ಬಿ ಡಿವಿಜನ್‌ನಲ್ಲಿ ಇದು ಅಮೃತದಂತೆ ನಡೆಯಿತು. ಅಲ್ಲಿ ಎದುರಾಳಿಗಳು ಬ್ಯಾಂಕಿನ ಗುಮಾಸ್ತರು, ಅಂಚೆಯವರು, ಹೊಟ್ಟೆ ಬೆಳೆದ ಪೊಲೀಸರು. ಮೊದಲರ್ಧ ತಾವೇ ಓಡಿ ಓಡಿ ಬಸವಳಿದು, ಎರಡನೇ ಅರ್ಧದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದರು. ನಾವು ಆಗ ನುಗ್ಗುತ್ತಿದ್ದೆವು. ಹಾಗೆ ಗೆದ್ದು ಗೆದ್ದು ಎ ಡಿವಿಜನ್‌ಗೆ ಹತ್ತಿದೆವು. ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಹಾರ ಹಾಕಿದರು. ಬೋರಣ್ಣನನ್ನು ಎತ್ತಿಕೊಂಡು ಕುಣಿದರು.

ಎ ಡಿವಿಜನ್ ಎಂದರೆ ಕಾರ್ಖಾನೆ ಟೀಮುಗಳು, ಮಿಲಿಟರಿಯವರು. ಅವರಿಗೆ ಸುಸ್ತು ಅನ್ನುವ ಪದವೇ ಗೊತ್ತಿರಲಿಲ್ಲ. ಮೊದಲ ಪಂದ್ಯದಲ್ಲಿ ನಮ್ಮ ಹುಡುಗರು ಇನ್ನೂ ಹಣ್ಣಾಗುತ್ತಾ ಅಡ್ಡಾಡುತ್ತಿರುವಾಗಲೇ ಮೂರು ಚೆಂಡು ನನ್ನ ಬೆನ್ನ ಹಿಂದಿನ ಬಲೆಯಲ್ಲಿದ್ದವು. ಅರ್ಧ ಸಮಯಕ್ಕೆ ಬೋರಣ್ಣ ಎಲ್ಲರ ಕತ್ತು ಮುಟ್ಟಿ, "ಬಣ್ಣ ಚೆನ್ನಾಗ್ ಬಂದದೆ" ಎಂದು ಸಮಾಧಾನಪಟ್ಟುಕೊಂಡರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಎರಡನೇ ಅರ್ಧದಲ್ಲಿ ನಾವು ನಿಜಕ್ಕೂ ಚೆನ್ನಾಗಿ ಆಡಿದೆವು, ಎರಡು ಗೋಲು ಹೊಡೆದೆವು. ಸೋತೆವು. ಅದೇ ಕಥೆ ಮುಂದಿನ ವಾರ, ಅದರ ಮುಂದಿನ ವಾರ. ಪ್ರತಿ ಸಲವೂ ಕೊನೆಗೆ ನಮ್ಮದೇ ಮೇಲುಗೈ, ಪ್ರತಿ ಸಲವೂ ಹೊತ್ತು ಮೀರಿರುತ್ತಿತ್ತು. ಪುಣ್ಯಕ್ಕೆ ಎಲ್ಲೋ ಒಂದೊಂದು ಪಂದ್ಯ ಸಮನಾಗುತ್ತಿತ್ತು. ಗೆಲುವು ಮಾತ್ರ ಕಾಣಲಿಲ್ಲ.

ನಮ್ಮಲ್ಲಿ ರಹೀಮ್ ಎಂಬ ಮುಂಚೂಣಿಯ ಆಟಗಾರನಿದ್ದ, ಹುಣಸೂರಿನ ಪೇಟೆಯವನು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು. ಒಂದು ಪಂದ್ಯದಲ್ಲಿ ಅವನಿಗೆ ತಡೆಯಲಾಗಲಿಲ್ಲ. ಆಟ ಶುರುವಾದ ಕೂಡಲೇ ಚೆಂಡು ಸಿಕ್ಕಿತು, ಓಡಿಯೇಬಿಟ್ಟ, ಹೊಡೆದೇಬಿಟ್ಟ. ಗೋಲು. ಎ ಡಿವಿಜನ್‌ನಲ್ಲಿ ಮೊದಲ ಸಲ ನಾವು ಮುಂದಿದ್ದೆವು. ಅರ್ಧ ಸಮಯಕ್ಕೆ ಬೋರಣ್ಣ ಅವನ ಕತ್ತಿಗೆ ಕೈಯಿಟ್ಟು ಮುಖ ಹುಳ್ಳಗೆ ಮಾಡಿಕೊಂಡರು.

"ಈಗ್ಲೇ ಓಡು ಅಂತ ನಿಂಗೆ ಯೋಳ್ದೋರು ಯಾರ್ಲಾ?"

"ಗೋಲ್ ಆಯ್ತಲ್ಲ ಬೋರಣ್ಣ," ಎಂದ ರಹೀಮ್.

"ಆಯ್ತು, ಯಾರು ಇಲ್ಲ ಅಂದೋರು? ಆದ್ರೆ ಅಸಿ ಗೋಲು ಕಣ್ಲಾ ಅದು. ನಿಲ್ಲಾಕಿಲ್ಲ."

ನಿಲ್ಲಲಿಲ್ಲ. ಎದುರಾಳಿಗಳು ಕೊನೆಯ ಹೊತ್ತಿಗೆ ಸಮ ಮಾಡಿದರು. ಬೋರಣ್ಣ ನಮ್ಮ ಕಡೆ ತಿರುಗಿ, ಹೇಳಲಿಲ್ಲವೇ ಎನ್ನುವಂತೆ ತಲೆಯಾಡಿಸಿದರು. ಅವತ್ತು ರೈಲಿನಲ್ಲಿ ರಹೀಮ್ ನನ್ನ ಕಿವಿಯ ಹತ್ತಿರ ಬಂದು, "ಈ ಮನುಷ್ಯನ್ನ ಬ್ಯಾರನ್ ಒಳಗೆ ಕೂರ್ಸಿ ಬಾಗ್ಲು ಹಾಕ್ಬುಡಾನ ಕಣೋ, ಹಣ್ಣಾಗ್ಲಿ" ಎಂದ. ನಾನು ನಗಲಿಲ್ಲ, ಬಾಗಿಲ ಅಗುಳಿ ಹಾಕಲು ನಾನೂ ತಯಾರಿದ್ದೆ.

ನಾನು ಜಗಳವಾಡಿದೆ. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಹುಣಸೂರಿನ ಬಸ್ಸಿಗೆ ಕಾಯುತ್ತಿದ್ದಾಗ, "ಬೋರಣ್ಣೋರೆ, ನಾವು ಕಾಯೋಷ್ಟ್ರಲ್ಲಿ ಆಟ ಮುಗ್ದೋಯ್ತಾದೆ. ಸ್ವಲ್ಪ ಮೊದ್ಲೇ ಓಡಾಕೆ ಬುಡಿ" ಅಂದೆ.

"ಆಟನೇ ಗಿಡ್ಡ ಮಾಡವ್ರೆ ಕಣೋ ಕೀಪ್ರು. ಅದ್ಕೆ ನಾನೇನ್ ಮಾಡ್ಲಿ?"

"ಅಂಗಾದ್ರೆ ಮನೆಯಿಂದ್ಲೇ ಕಾಯಿಸ್ಕೊಂಡು ಬರಾನ ಬುಡಿ," ಎಂದು ಸಿಟ್ಟಿನಲ್ಲಿ ಅಂದೆ. ಕುಹಕದ ಮಾತು ಅವರಿಗೆ ಅರ್ಥವಾಗುತ್ತಿರಲಿಲ್ಲ. ಮುಂದಿನ ಭಾನುವಾರ ಪಂದ್ಯಕ್ಕೆ ಮುಂಚೆ ಮೈದಾನದ ಹೊರಗಿನ ರಸ್ತೆಯಲ್ಲಿ ನಮ್ಮನ್ನು ಓಡಿಸಿದ್ದೇ ಓಡಿಸಿದ್ದು. ಓಡುವುದು, ಬಂದು ಕತ್ತು ತೋರಿಸುವುದು, ಮತ್ತೆ ಓಡುವುದು. ಸೈಕಲ್ಲಿನವರೆಲ್ಲ ನಿಂತು ನೋಡಿದರು. ಆಟ ಶುರುವಾಗುವ ಹೊತ್ತಿಗೆ ನಮ್ಮ ಕಾಲುಗಳು ಬಿದ್ದುಹೋಗಿದ್ದವು. ಅವತ್ತು ನಾನು ಬಲೆಯಿಂದ ಎಷ್ಟು ಸಲ ಚೆಂಡು ಹೆಕ್ಕಿದೆ ಎಂದು ಹೇಳಲಾರೆ. ವಾಪಸ್ಸು ಬರುವಾಗ ಬೋರಣ್ಣ ನನ್ನನ್ನೇ ದುರುಗುಟ್ಟಿ ನೋಡಿ, "ಒಂದ್ಕಡೆ ಬೇಯಿಸಿ ಇನ್ನೊಂದ್ಕಡೆಗೆ ಒತ್ಕಂಡೋಗಾಕೆ ಇದೇನು ಸಾರಿನ್ ಪಾತ್ರೆಯಾ? ನಿನ್ ಮಾತ ಕೇಳ್ದೆ ನೋಡು" ಎಂದರು.

ಇಷ್ಟಾದರೂ ಅವರನ್ನು ಬಿಟ್ಟುಹಾಕಲು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಮಾದ. ಮಾದ ನಮ್ಮ ಹಿಂದಿನ ಸಾಲಿನ ಆಟಗಾರ, ಎಚ್.ಡಿ. ಕೋಟೆಯ ಕಾಡಂಚಿನ ಒಂದು ಗಿರಿಜನ ಹಾಡಿಯವನು. ಗೋದಾಮಿನಲ್ಲಿ ಮೂಟೆ ಹೊರುವ ಸೀಸನ್ ಕೂಲಿಗೆ ಬಂದವನು. ಅವನು ಮೂಟೆಯಿಂದ ಮೂಟೆಗೆ ಹಾರುವುದನ್ನು ನೋಡಿ ಬೋರಣ್ಣ ಟೀಮಿಗೆ ಸೇರಿಸಿದರು. ಸೀಸನ್ ಮುಗಿದು ಅವನು ಹಾಡಿಗೆ ಹೋದಾಗ ಹಿಂದೆಯೇ ನಡೆದುಕೊಂಡು ಹೋದರು. ಹಾಡಿಯ ಯಜಮಾನರು, ಚೆಂಡು ಒದ್ದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದರಂತೆ. "ಕಂಪನೀಲಿ ಖಾಯಂ ಮಾಡಿಸ್ತೀನಿ. ಮಾಡಿಸ್ನಿಲ್ಲ ಅಂದ್ರೆ ನನ್ ಮಕ ನೋಡ್ಬ್ಯಾಡಿ" ಎಂದು ಅವರ ಜಗಲಿಯಲ್ಲೇ ಕೂತು ಮಾತು ಕೊಟ್ಟು ಕರೆತಂದರು. ಮಾದನಿಗೆ ಬೂಟಿನ ಅಳತೆ ಸಿಗದಿದ್ದಾಗ ಮೈಸೂರಿಗೆ ಹೋಗಿ ಹೊಲಿಸಿ ತಂದರು. ಮಾದ ಅವರನ್ನು ಅಪ್ಪಾಜಿ ಎನ್ನುತ್ತಿದ್ದ.

ಲೀಗು ಮುಗಿಯುವ ಹೊತ್ತಿಗೆ ಮ್ಯಾನೇಜರು ನಮ್ಮೆಲ್ಲರನ್ನೂ ಕರೆದರು. ಎ ಡಿವಿಜನ್‌ನಲ್ಲಿ ಉಳಿದರೆ ಟೀಮು ಉಳಿಯುತ್ತದೆ, ಮಾದನಂಥ ಸೀಸನ್ ಹುಡುಗರು ಖಾಯಂ ಆಗುತ್ತಾರೆ. ಇಳಿದರೆ ಟೀಮು ಮುಚ್ಚುತ್ತೇವೆ, ಕಂಪನಿಗೆ ಖರ್ಚು ಜಾಸ್ತಿಯಾಯಿತು ಎಂದರು. ಕೊನೆಯ ಪಂದ್ಯ ಒಂದೇ ಉಳಿದಿತ್ತು. ಉಳಿಯಲು ಗೆಲ್ಲಲೇಬೇಕೆಂದಿರಲಿಲ್ಲ. ಸಮ ಮಾಡಿಕೊಂಡರೆ ಸಾಕಿತ್ತು. ಬೋರಣ್ಣ ಹೊರಗೆ ಬಂದು ಮಾದನ ಹೆಗಲ ಮೇಲೆ ಕೈಹಾಕಿ, "ಆಯ್ತದೆ ಬುಡೋ" ಅಂದರು.

ಆ ಪಂದ್ಯ ಬಟ್ಟೆ ಗಿರಣಿಯ ಟೀಮಿನ ಮೇಲೆ. ಅವರಿಗೆ ಆಗಬೇಕಾದ್ದೂ ಇರಲಿಲ್ಲ, ಹೋಗಬೇಕಾದ್ದೂ ಇರಲಿಲ್ಲ. ಯಥಾಪ್ರಕಾರ ನಾವು ಮೊದಲರ್ಧ ಅಡ್ಡಾಡಿದೆವು, ಅವರು ಒಂದು ಗೋಲು ಹೊಡೆದರು. ಅರ್ಧ ಸಮಯಕ್ಕೆ ಕತ್ತಿನ ಪೂಜೆಯಾಯಿತು. ಎರಡನೇ ಅರ್ಧದಲ್ಲಿ ನಮ್ಮ ಹುಡುಗರು ಎಂದಿನಂತೆ ಬೆಂಕಿಯಾದರು. ರಹೀಮ್ ಎಡಗಡೆಯಿಂದ ನುಗ್ಗಿ ಚೆಂಡನ್ನು ಗೋಲಿನೊಳಕ್ಕೆ ತಳ್ಳಿದ. ಒಂದೊಂದು. ಇನ್ನು ಉಳಿದದ್ದು ಸ್ವಲ್ಪವೇ ಹೊತ್ತು. ಎಲ್ಲರೂ ಹಿಂದೆ ಬಂದು ಗೋಡೆಯ ಹಾಗೆ ನಿಂತರೆ ಮುಗಿಯಿತು. ಟೀಮು ಉಳಿಯುತ್ತದೆ, ಮಾದ ಖಾಯಂ ಆಗುತ್ತಾನೆ.

ಆಗ ಬೋರಣ್ಣ ಮೈದಾನದ ಅಂಚಿನಲ್ಲಿ ಎದ್ದು ನಿಂತು ಕೂಗತೊಡಗಿದರು. "ಬೆಂಕಿ ತಗ್ಗಿಸಬ್ಯಾಡ್ರಲಾ, ದಂಟು ಒಣಗಿಲ್ಲ. ಮುಂದುಕ್ ಓಗ್ರಿ, ಮುಂದುಕ್ ಓಗ್ರಿ." ಅವರ ಮಾತು ಮೀರಿ ಗೊತ್ತಿಲ್ಲದ ಹುಡುಗರು ಮುಂದಕ್ಕೆ ಹೋದರು. ಮಾದ ಕೂಡ ಹೋದ. ನಾನು ಗೋಲಿನಿಂದ ಗಂಟಲು ಹರಿಯುವಂತೆ ಹಿಂದಕ್ಕೆ ಬನ್ನಿ, ಹಿಂದಕ್ಕೆ ಬನ್ನಿ ಎಂದು ಅರಚುತ್ತಿದ್ದೆ. ಅರ್ಧ ಮೈದಾನ ನನ್ನೊಬ್ಬನದೇ ಆಗಿತ್ತು. ಗಿರಣಿಯವನೊಬ್ಬನಿಗೆ ಚೆಂಡು ಸಿಕ್ಕಿತು. ಎದುರಿಗೆ ಯಾರೂ ಇಲ್ಲ, ನಾನೊಬ್ಬ. ಅವನು ನೆಮ್ಮದಿಯಾಗಿ ಬಂದ. ನಾನು ಬಲಕ್ಕೆ ಬಿದ್ದೆ, ಚೆಂಡು ಎಡಕ್ಕೆ ಹೋಯಿತು. ಎದ್ದು ನೋಡಿದರೆ ಮಾದ ಅಷ್ಟು ದೂರದಿಂದ ಇನ್ನೂ ಓಡಿ ಬರುತ್ತಿದ್ದ.

ವಾಪಸ್ಸು ರೈಲು ಹತ್ತಿದೆವು. ಮದ್ದೂರು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಇದು ಸೊಪ್ಪಲ್ಲ ಕಣ್ರೀ ಬೋರಣ್ಣೋರೆ, ಚೆಂಡು. ಚೆಂಡಿಗೆಲ್ಲಿಂದ್ ಬಂತ್ರೀ ದಂಟು?" ಅಂದೆ. ಅಷ್ಟು ವರ್ಷದಲ್ಲಿ ಅವರಿಗೆ ಹಾಗೆ ಎದುರುತ್ತರ ಕೊಟ್ಟವರಿರಲಿಲ್ಲ. ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, "ದಂಟು ಒಣಗ್ಬೇಕು ಕಣೋ" ಎಂದಷ್ಟೇ ಅಂದರು. ಮಾದ ಎದ್ದು ಬಂದು ನನ್ನ ಮತ್ತು ಅವರ ನಡುವೆ ಕೂತ.

ಟೀಮು ಮುಚ್ಚಿತು. ಸೀಸನ್ ಹುಡುಗರನ್ನು ಮುಂದಿನ ವರ್ಷ ಕರೆಯಲಿಲ್ಲ. ಬೋರಣ್ಣ ಯಾರಿಗೂ ಹೇಳದೆ ಕಂಪನಿ ಬಿಟ್ಟು ರಾವಂದೂರಿನ ಹತ್ತಿರದ ತಮ್ಮ ಊರಿಗೆ ಹೋದರು. ಹೋಗುವಾಗ ಮಾದನನ್ನು ಕರೆದುಕೊಂಡು ಹೋದರು. ತಮ್ಮ ಹೊಲದ ಬ್ಯಾರನ್ ಬೇಯಿಸುವುದನ್ನು ಅವನಿಗೆ ಕಲಿಸಿದರು ಎಂದು ಯಾರೋ ಹೇಳಿದರು. ನಾನು ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದೆ. ಹಳೆಯ ಟೀಮಿನವರು ಸಿಕ್ಕಾಗಲೆಲ್ಲ ನಮ್ಮದು ಒಂದೇ ಮಾತು. ಆ ಬ್ಯಾರನ್ ತಲೆ ನಮ್ಮನ್ನು ಮುಳುಗಿಸಿತು. ಈ ಮಾತಿಗೆ ಎಲ್ಲರಿಗಿಂತ ಜೋರಾಗಿ ಹೌದು ಅನ್ನುತ್ತಿದ್ದವನು ನಾನೇ.

ಕೆಲವು ವರ್ಷಗಳಾದ ಮೇಲೆ ಅವರಿಗೆ ಉಬ್ಬಸ ಜೋರಾಗಿದೆ ಎಂದು ತಿಳಿದು ನೋಡಲು ಹೋದೆ. ಜಗಲಿಯ ಮೇಲೆ ದಿಂಬಿಗೊರಗಿ ಕೂತಿದ್ದರು. ಎದುರಿಗೇ ಬ್ಯಾರನ್, ಅದರ ಒಲೆಯ ಮುಂದೆ ಮಾದ ಸೌದೆ ಸೀಳುತ್ತಿದ್ದ. ನನ್ನನ್ನು ಕಂಡು ಕೈಯೆತ್ತಿ ನಕ್ಕ. ಬೋರಣ್ಣನ ಮಗಳು ಮಜ್ಜಿಗೆ ತಂದುಕೊಟ್ಟು ಒಳಗೆ ಹೋದಳು. ಮಳೆ, ಬೆಳೆ, ರೇಟು ಎಲ್ಲ ಮಾತಾದ ಮೇಲೆ ಅವರು ದಿಂಬು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಕೀಪ್ರು, ಅವತ್ತು ನೀನು ಕೂಗ್ತಿದ್ದಲ್ಲ."

ಯಾವತ್ತು ಎಂದು ನಾನು ಕೇಳಲಿಲ್ಲ.

"ಇಂದಕ್ ಬನ್ರೋ, ಇಂದಕ್ ಬನ್ರೋ ಅಂತಿದ್ದೆ. ನಂಗೆ ಕೇಳ್ತಿತ್ತು."

"ಕೇಳ್ತಿತ್ತಾ?"

"ಚೆನ್ನಾಗೇ ಕೇಳ್ತಿತ್ತು. ಒಂದೊಂದಾದ್ರೆ ಉಳ್ಕತೀವಿ ಅನ್ನಾದು ನಂಗ್ ತಿಳೀದೆ ಇದ್ದದಾ? ಸಾಕು, ಬನ್ರಲಾ ಅಂದಿದ್ರೆ ಬತ್ತಿದ್ರು."

"ಮತ್ಯಾಕಣ್ಣ ದಂಟು ದಂಟು ಅಂತ ಕೂಗುದ್ರಿ?"

"ಇನ್ನೇನಂತ ಕೂಗ್ಲಪ್ಪ? ಗೆಲ್ಲಾಕೆ ಆಸೆ ಕಣ್ರಲಾ ಅಂತ ಕೂಗಾಕಾಯ್ತದಾ?" ಎಂದು ಕೆಮ್ಮಿದರು. ಕೆಮ್ಮು ನಿಲ್ಲುವ ತನಕ ಕಾದೆ. "ವರ್ಷೆಲ್ಲಾ ಒಂದೂ ಗೆದ್ದಿರ್ನಿಲ್ಲ. ಒಂದ್ಸಲನಾದ್ರೂ ಆ ಊರಲ್ಲಿ ಗೆದ್ದು ರೈಲತ್ತಾನ ಅನ್ನುಸ್ಬುಡ್ತು. ಅಷ್ಟೇಯ."

ನನಗೆ ಮೈಯೆಲ್ಲ ಉರಿಯಿತು. ಬ್ಯಾರನ್ ತಲೆಯ ಮುದುಕ, ತಿಳಿಯದೆ ಮಾಡಿದ ಎಂದುಕೊಂಡು ಎಷ್ಟೋ ಕ್ಷಮಿಸಿದ್ದೆ. ಈಗ ನೋಡಿದರೆ ಎಲ್ಲ ತಿಳಿದೇ ಮಾಡಿದ್ದು. ಅಂಗಳದಲ್ಲಿ ಕೊಡಲಿ ಹಿಡಿದಿದ್ದವನ ಕಡೆ ಕೈತೋರಿಸಿ, "ಮಾದನ್ ಕೆಲ್ಸ ಓಯ್ತಲ್ಲಣ್ಣ" ಅಂದೆ.

"ಗೊತ್ತು," ಅಂದರು. "ಅವನ್ಗೆ ಯೋಳಾಕೆ ದಿನಾ ಬಾಯ್ ತೆಗೀತೀನಿ ಕಣೋ. ಅಪ್ಪಾಜಿ ಅಂತಾನೆ, ಬಾಯ್ ಮುಚ್ಕತೀನಿ" ಎಂದರು. ನಾನು ಮಜ್ಜಿಗೆ ಕುಡಿದು ಮುಗಿಸಿದೆ. ಬಯ್ಯಲು ಬಾಯಿ ಬರಲಿಲ್ಲ, ಹೋಗಲಿ ಬಿಡಿ ಅನ್ನಲು ಮನಸ್ಸು ಬರಲಿಲ್ಲ. ಮುಂದಿನ ಸಲ ಬಂದಾಗ ಏನಾದರೂ ಒಂದು ಹೇಳಿಯೇ ತೀರುತ್ತೇನೆ ಎಂದುಕೊಂಡು ಬಸ್ಸು ಹತ್ತಿದೆ.

ಆ ಸಲ ಬರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಮಾದ ನಮ್ಮ ಅಕ್ಕಿ ಗಿರಣಿಯ ಬಾಗಿಲಲ್ಲಿ ನಿಂತಿದ್ದ. ತಲೆ ಬೋಳಿಸಿಕೊಂಡಿದ್ದ. ನೋಡಿದ ಕೂಡಲೇ ತಿಳಿಯಿತು. ಒಳಗೆ ಕರೆದು ಮೂಟೆಯ ಮೇಲೆ ಕೂರಿಸಿದೆ. ತಿಥಿಗೆ ನೀವು ಬರಬೇಕು, ಅಪ್ಪಾಜಿ ನಿಮ್ಮ ಹೆಸರು ಹೇಳುತ್ತಿದ್ದರು ಎಂದ. ಆಮೇಲೆ ನಾನೇನೋ ಕೇಳಿದೆನೇನೋ ಎಂಬಂತೆ, "ನೀವು ಅವರ್ ಮ್ಯಾಲೆ ಸಿಟ್ ಮಡೀಕಬ್ಯಾಡಿ ಅಣ್ಣ" ಎಂದ. "ಅವರ್ಗೆ ಬ್ಯಾರನ್ ಬುಟ್ರೆ ಬ್ಯಾರೆ ಏನೂ ಗೊತ್ತಿರ್ನಿಲ್ಲ. ಆಟನೂ ಅಂಗೇ ಅಂದ್ಕಬುಟ್ರು, ಪಾಪ."

"ಹೂಂ ಕಣೋ ಮಾದ, ಬ್ಯಾರೆ ಏನೂ ಗೊತ್ತಿರ್ನಿಲ್ಲ," ಅಂದೆ. ಅವನಿಗೊಂದು ಟೀ ತರಿಸಿ, ನಾನೂ ಒಂದು ಕುಡಿದೆ.